‘ಡಿಂಗ್’ ಅಂದು ಸುಮ್ಮನಾಗುವ ಸಾಫ್ಟ್‌ವೇರ್

ಪ್ರಶ್ನೆ: ದಿನವಿಡೀ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಮಾಡುವುದು ನನ್ನ ಕೆಲಸ. ವಿಂಡೋಸ್ ಕಂಪ್ಯೂಟರ್. ಆಗಾಗ ಪ್ರೋಗ್ರಾಂ ಹ್ಯಾಂಗ್ ಆಗುತ್ತದೆ. ಎಲ್ಲಿ ಕ್ಲಿಕ್ ಮಾಡಿದರೂ ‘ಡಿಂಗ್’ ಅಂತ ಸದ್ದು, ಅಷ್ಟೇ. ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಮುಚ್ಚಿದರೆ ಅಷ್ಟು ಹೊತ್ತಿನ ಎಂಟ್ರಿ ಹೋಗುತ್ತದೆ. ಇನ್ನು ಕೆಲವು ಸಲ ಟೈಪ್ ಮಾಡುತ್ತಿರುವಾಗಲೇ ಏನೋ ಒಂದು ಬಾಕ್ಸ್ ಬಂದು, ಓದುವ ಮೊದಲೇ ಮಾಯವಾಗುತ್ತದೆ. ಅದು ಏನು ಕೇಳಿತು, ನಾನು ಏನಂದೆ, ಗೊತ್ತಿಲ್ಲ. ಎರಡನೇ ಮಾನಿಟರ್ ತೆಗೆದ ಮೇಲೆ ಪ್ರಿಂಟ್ ಬಾಕ್ಸ್ ಕಾಣಿಸುವುದೇ ಇಲ್ಲ. ಬಟನ್‌ಗಳ ಮೇಲಿನ ಮಾತಂತೂ ದೇವರಿಗೇ ಪ್ರೀತಿ. ನನಗೇ ಕಂಪ್ಯೂಟರ್ ಸರಿಯಾಗಿ ಬರುವುದಿಲ್ಲವೋ, ಸಾಫ್ಟ್‌ವೇರ್‌ನದೇ ತಪ್ಪೋ?

ಉತ್ತರ: ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳ ವರ್ಷ ಇಂಥದೇ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆದುಕೊಂಡವನು ನಾನು. ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಮೂರನ್ನು ನನ್ನ ಕೈಯಾರೆ ಬೇರೆಯವರಿಗೆ ಕೊಟ್ಟಿದ್ದೇನೆ.

ಮೊದಲು ‘ಡಿಂಗ್’ ವಿಷಯ. ಇದೇ ಎಲ್ಲಕ್ಕಿಂತ ಜಾಸ್ತಿ ನಷ್ಟ ಮಾಡುವುದು.

ನಿಮ್ಮ ಪ್ರೋಗ್ರಾಂ ಆಗ ಹ್ಯಾಂಗ್ ಆಗಿರುವುದಿಲ್ಲ. ನಿಮಗೆ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ. ಪ್ರಶ್ನೆ ಇರುವ ಬಾಕ್ಸ್ ಮಾತ್ರ ಬೇರೆ ಯಾವುದೋ ವಿಂಡೋದ ಹಿಂದೆ ಸಿಕ್ಕಿಕೊಂಡಿರುತ್ತದೆ. ನಿಜವಾದ ಹ್ಯಾಂಗ್‌ಗೂ ಇದಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಪ್ರೋಗ್ರಾಂ ನಿಜವಾಗಿ ಹ್ಯಾಂಗ್ ಆದರೆ, ಸುಮಾರು 5 ಸೆಕೆಂಡ್ ಅದು ಏನಕ್ಕೂ ಓಗೊಡದಿದ್ದಾಗ ವಿಂಡೋಸ್ ಆ ವಿಂಡೋವನ್ನು ಬಿಳಿಚಿಸುತ್ತದೆ. ಮೇಲಿನ ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರೆಯುತ್ತದೆ. ಬಾಕ್ಸ್ ಅಡಗಿದ್ದರೆ ಹಾಗಾಗುವುದಿಲ್ಲ. ವಿಂಡೋ ನೋಡಲು ಚೆನ್ನಾಗಿಯೇ ಇರುತ್ತದೆ, ಬಣ್ಣ ಮಾಸಿರುವುದಿಲ್ಲ. ಕ್ಲಿಕ್ ಮಾಡಿದರೆ ಡಿಂಗ್ ಅನ್ನುತ್ತದೆ. ‘ಈ ಬಾಗಿಲಿಗೆ ಬೀಗ ಹಾಕಿದೆ, ಬೇರೆ ಬಾಗಿಲಿನಿಂದ ಬನ್ನಿ’ ಅನ್ನುವುದು ಆ ಸದ್ದಿನ ಅರ್ಥ. ಆದರೆ ಬೇರೆ ಬಾಗಿಲು ಎಲ್ಲಿದೆ ಅಂತ ಅದು ಹೇಳುವುದಿಲ್ಲ.

ಹಾಗಾಗಿ ಡಿಂಗ್ ಕೇಳಿದ ಕೂಡಲೇ ಟಾಸ್ಕ್ ಮ್ಯಾನೇಜರ್‌ಗೆ ಹೋಗಬೇಡಿ. ಆಲ್ಟ್ ಕೀ ಹಿಡಿದುಕೊಂಡು ಟ್ಯಾಬ್ ಒತ್ತಿ. ತೆರೆದಿರುವ ವಿಂಡೋಗಳ ಸಾಲು ಬರುತ್ತದೆ. ಅದರಲ್ಲಿ ಪುಟ್ಟದೊಂದು ಬಾಕ್ಸ್ ಇದೆಯಾ ನೋಡಿ, ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಆ ಸಾಲಿನಲ್ಲಿ ಸೇರದಂತೆ ಮಾಡಿದ ಬಾಕ್ಸ್‌ಗಳೂ ಇವೆ. ಅಂಥದ್ದಾದರೆ ಉಳಿದ ವಿಂಡೋಗಳನ್ನು ಒಂದೊಂದಾಗಿ ಮಿನಿಮೈಸ್ ಮಾಡಿ. ಒಗೆದ ಬಟ್ಟೆಯ ರಾಶಿಯಲ್ಲಿ ಜೋಡಿ ಕಾಲುಚೀಲ ಹುಡುಕಿದ ಹಾಗೆ, ಕೊನೆಗೆ ಕೆಳಗಿಂದ ಬರುತ್ತದೆ. ಮ್ಯಾಕ್ ಇರುವವರು ಕಂಟ್ರೋಲ್ ಜೊತೆ ಮೇಲಿನ ಬಾಣದ ಕೀ ಒತ್ತಿದರೆ ಎಲ್ಲಾ ವಿಂಡೋಗಳೂ ಹರಡಿಕೊಂಡು ಕಾಣುತ್ತವೆ.

ಅದು ಯಾಕೆ ಹಿಂದೆ ಹೋಯಿತು ಅಂತ ಹೇಳಲೇಬೇಕು, ಏಕೆಂದರೆ ‘ಆಗಾಗ’ ಅಂತ ನೀವು ಬರೆದಿದ್ದೀರಲ್ಲ, ಗುಟ್ಟು ಆ ಮಾತಿನಲ್ಲೇ ಇದೆ. ವಿಂಡೋಸ್‌ನಲ್ಲಿ ಪ್ರತಿಯೊಂದು ಬಾಕ್ಸ್‌ಗೂ ಒಬ್ಬ ಒಡೆಯ ಇರಬೇಕು, ಅಂದರೆ ಅದನ್ನು ತೆರೆದ ದೊಡ್ಡ ವಿಂಡೋ. ಒಡೆಯ ಇಂಥವನು ಅಂತ ಹೇಳಿದ್ದರೆ ಬಾಕ್ಸ್ ಯಾವತ್ತೂ ಅವನ ಮುಂದೆಯೇ ನಿಲ್ಲುತ್ತದೆ. ಹಿಂದೆ ಹೋಗಲು ವಿಂಡೋಸ್ ಬಿಡುವುದಿಲ್ಲ. ಪ್ರೋಗ್ರಾಂ ಬರೆದವನು ಹೇಳುವುದನ್ನು ಮರೆತರೆ, ಎಷ್ಟೋ ಪ್ರೋಗ್ರಾಮಿಂಗ್ ಸಲಕರಣೆಗಳು ‘ಸರಿ, ಈಗ ಬಳಕೆಯಲ್ಲಿರುವ ನಮ್ಮ ವಿಂಡೋವೇ ಒಡೆಯ ಅಂದುಕೊಳ್ಳೋಣ’ ಅಂತ ತಾವೇ ತೀರ್ಮಾನಿಸುತ್ತವೆ. ನೀವು ಅದೇ ಪ್ರೋಗ್ರಾಂ ಮುಂದೆ ಕೂತಿದ್ದರೆ ಈ ಊಹೆ ಸರಿಯಾಗುತ್ತದೆ. ಆದರೆ ರಿಪೋರ್ಟ್ ತಯಾರಾಗಲಿ ಅಂತ ಬಿಟ್ಟು ನೀವು ಮೇಲ್ ನೋಡಲು ಹೋಗಿರುತ್ತೀರಿ. ಆ ಹೊತ್ತಿಗೆ ಬಾಕ್ಸ್ ಹುಟ್ಟಿದರೆ? ಬಳಕೆಯಲ್ಲಿರುವುದು ಬೇರೆ ಪ್ರೋಗ್ರಾಂ. ಒಡೆಯ ಸಿಗಲಿಲ್ಲ. ಬಾಕ್ಸ್ ಅನಾಥವಾಗಿ ಎಲ್ಲೋ ಹಿಂದೆ ಹುಟ್ಟಿತು, ಇತ್ತ ಮುಖ್ಯ ವಿಂಡೋಗೆ ಬೀಗವೂ ಬಿತ್ತು.

ನನ್ನದೇ ಕಥೆ ಕೇಳಿ. ನಾನು ಬರೆದ ಒಂದು ಪ್ರೋಗ್ರಾಂ ಹ್ಯಾಂಗ್ ಆಗುತ್ತದೆ ಅಂತ ತಿಂಗಳುಗಟ್ಟಲೆ ದೂರು ಬರುತ್ತಿತ್ತು. ನಾನು ಎಷ್ಟು ಸಲ ಪರೀಕ್ಷೆ ಮಾಡಿದರೂ ಎಲ್ಲಾ ಸರಿ. ‘ನಿಮ್ಮ ಕಂಪ್ಯೂಟರ್ ಹಳೆಯದು, ಮೆಮೊರಿ ಹಾಕಿಸಿ’ ಅಂತ ಕೂಡ ಹೇಳಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊನೆಗೆ ಒಬ್ಬರ ಪಕ್ಕದಲ್ಲಿ ಅರ್ಧ ದಿನ ಸುಮ್ನೆ ಕೂತು ನೋಡಿದೆ. ಅವರು ಬಟನ್ ಒತ್ತಿ, ಕಾಯದೆ, ಬೇರೆ ಕೆಲಸಕ್ಕೆ ಹೋದರು. ಎಲ್ಲರೂ ಹಾಗೇ ಮಾಡುವುದು, ಅಲ್ವಾ? ಕಾಯುತ್ತಾ ಪರದೆ ನೋಡಿಕೊಂಡು ಕೂರುತ್ತಿದ್ದವನು ಜಗತ್ತಿನಲ್ಲಿ ನಾನೊಬ್ಬನೇ, ಏಕೆಂದರೆ ಅದು ನನ್ನ ಪ್ರೋಗ್ರಾಂ. ತಿದ್ದಲು ಬೇಕಾಗಿದ್ದದ್ದು ಒಂದೇ ಒಂದು ಪದ, ಒಡೆಯನ ಹೆಸರು.

ಉತ್ತರ ಕೊಡುವ ತನಕ ಬೇರೇನೂ ಮಾಡಲು ಬಿಡದ ಇಂಥ ಬಾಕ್ಸ್‌ಗೆ ಕಸುಬಿನವರು ‘ಮೋಡಲ್’ ಅನ್ನುತ್ತಾರೆ. ಇದರ ಮೇಲಿನ ಸಿಟ್ಟು ಹೊಸದೇನಲ್ಲ. ಕಟ್, ಕಾಪಿ, ಪೇಸ್ಟ್ ಅನ್ನು ನಮಗೆ ಕೊಟ್ಟವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ 1970ರ ದಶಕದಲ್ಲೇ, ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿದ್ದಾಗ, ಕಂಪ್ಯೂಟರ್ ಜನರನ್ನು ಹೀಗೆ ಕಟ್ಟಿಹಾಕಬಾರದು ಅಂತ ಹಟ ಹಿಡಿದಿದ್ದರು. ತಮ್ಮ ಕಾರಿನ ನಂಬರ್ ಪ್ಲೇಟ್‌ನಲ್ಲೂ ‘ನೋ ಮೋಡ್ಸ್’, ಅಂದರೆ ಇಂಥ ಕಟ್ಟುಪಾಡು ಬೇಡ, ಅಂತ ಬರೆಸಿಕೊಂಡಿದ್ದರು. ಅವರು 2020ರಲ್ಲಿ ತೀರಿಕೊಂಡರು. ಬಾಕ್ಸ್‌ಗಳು ಇನ್ನೂ ಇವೆ. ಮ್ಯಾಕ್‌ನವರು 2001ರಲ್ಲಿ ಇದಕ್ಕೊಂದು ಚೆಂದದ ದಾರಿ ಹುಡುಕಿದರು. ಬಾಕ್ಸ್ ಬಿಡಿಯಾಗಿ ತೇಲುವ ಬದಲು ಆಯಾ ಕಡತದ ಟೈಟಲ್ ಬಾರ್‌ನಿಂದಲೇ ಹಾಳೆಯಂತೆ ಇಳಿಯುತ್ತಿತ್ತು. ಯಾವ ಕಡತದ ಬಗ್ಗೆ ಕೇಳುತ್ತಿದೆ ಅಂತ ಕಣ್ಣಿಗೇ ಕಾಣುತ್ತಿತ್ತು, ಕಳೆದುಹೋಗುವ ಪ್ರಶ್ನೆಯೇ ಇರಲಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಆದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಈಗ ಎರಡನೆಯದು, ಬಂದು ಮಾಯವಾಗುವ ಬಾಕ್ಸ್. ಅಡಗಿದ ಬಾಕ್ಸ್‌ಗಿಂತ ನನಗೆ ಇದೇ ಹೆಚ್ಚು ಹೆದರಿಕೆ ಹುಟ್ಟಿಸುವುದು. ಅಡಗಿದ ಬಾಕ್ಸ್ ಕೆಲಸ ನಿಲ್ಲಿಸುತ್ತದೆ, ಇದು ನಿಮ್ಮ ಹೆಸರಿನಲ್ಲಿ ಕೆಲಸ ಮಾಡಿಬಿಡುತ್ತದೆ.

ಬಾಕ್ಸ್ ತೆರೆದ ಕೂಡಲೇ ಕೀಬೋರ್ಡ್ ಅದರ ವಶವಾಗುತ್ತದೆ. ನಿಮ್ಮ ಬೆರಳಿಗೆ ಆ ಸುದ್ದಿ ತಲುಪಿರುವುದಿಲ್ಲ, ಅವು ಟೈಪ್ ಮಾಡುತ್ತಲೇ ಇರುತ್ತವೆ. ಎಂಟರ್ ಒತ್ತಿದರೆ ಮುಖ್ಯ ಬಟನ್ ಒತ್ತಿದ ಹಾಗೆ. ಇದು ಬಹಳ ಜನರಿಗೆ ಗೊತ್ತು. ಸ್ಪೇಸ್ ಒತ್ತಿದರೂ ಹಾಗೇ ಆಗುತ್ತದೆ ಅನ್ನುವುದು ಕಡಿಮೆ ಜನರಿಗೆ ಗೊತ್ತು. ಇನ್ನೂ ಒಂದು ಇದೆ: ವಿಂಡೋಸ್‌ನ ‘ಯೆಸ್-ನೋ’ ಬಾಕ್ಸ್‌ನಲ್ಲಿ ಆಲ್ಟ್ ಕೂಡ ಬೇಕಾಗಿಲ್ಲ, ಬರೀ ‘ವೈ’ ಅಕ್ಷರ ಒತ್ತಿದರೆ ಯೆಸ್, ‘ಎನ್’ ಒತ್ತಿದರೆ ನೋ. ಅಂದರೆ ನೀವು ಇಂಗ್ಲಿಷಿನಲ್ಲಿ ಯಾರದೋ ಹೆಸರು ಟೈಪ್ ಮಾಡುತ್ತಿದ್ದೀರಿ, ಅದರಲ್ಲಿ ‘ಎನ್’ ಬಂತು, ಅಲ್ಲಿಗೆ ಒಂದು ಪ್ರಶ್ನೆಗೆ ‘ಬೇಡ’ ಅಂದಾಯಿತು. ಹೆಸರಿನ ಉಳಿದರ್ಧ ಬಾಕ್ಸ್ ಹೋದ ಮೇಲೆ ಮತ್ತೆ ಫಾರ್ಮ್‌ನಲ್ಲಿ ಬೀಳುತ್ತದೆ. ಎಂಟ್ರಿಯಲ್ಲಿ ಒಂದೆರಡು ಅಕ್ಷರ ಯಾಕೋ ಬಿಟ್ಟುಹೋಗಿದೆ ಅಂತ ಯಾವಾಗಲಾದರೂ ಅನ್ನಿಸಿದ್ದರೆ, ಅವು ಎಲ್ಲಿ ಹೋದವು ಅಂತ ಈಗ ಗೊತ್ತಾಯಿತಲ್ಲ.

ಮುಖ್ಯ ಬಟನ್ ಯಾವುದಿರಬೇಕು ಅಂತ ಆರಿಸುವುದು ಪ್ರೋಗ್ರಾಂ ಬರೆಯುವವನ ಕೆಲಸ. ಅವನು ತಲೆ ಕೆಡಿಸಿಕೊಳ್ಳದಿದ್ದರೆ ವಿಂಡೋಸ್ ಮೊದಲನೇ ಬಟನ್ ಅನ್ನೇ ಮುಖ್ಯ ಮಾಡುತ್ತದೆ, ಅಂದರೆ ಯೆಸ್. ‘ಈ ಎಂಟ್ರಿ ಅಳಿಸಲೇ?’ ಅನ್ನುವ ಪ್ರಶ್ನೆಗೂ ಅಷ್ಟೇ. ನೋ ಅನ್ನು ಮುಖ್ಯ ಮಾಡಲು ಒಂದು ಚಿಕ್ಕ ಸೂಚನೆ ಸೇರಿಸಿದರೆ ಸಾಕು. ಎಷ್ಟೋ ಕಡೆ ಅದನ್ನು ಸೇರಿಸಿರುವುದಿಲ್ಲ. ಇದನ್ನು ನಾನು ಮರೆವು ಅನ್ನುವುದಿಲ್ಲ, ಸೋಮಾರಿತನ ಅನ್ನುತ್ತೇನೆ.

ಬೇರೆ ಪ್ರೋಗ್ರಾಂ ಒಂದು ಎಲ್ಲಿಂದಲೋ ಬಂದು ನಿಮ್ಮ ಕೀಬೋರ್ಡ್ ಕಿತ್ತುಕೊಳ್ಳದಂತೆ ವಿಂಡೋಸ್ 98 ಮತ್ತು ವಿಂಡೋಸ್ 2000ರ ಕಾಲದಿಂದಲೇ ಒಂದು ತಡೆ ಇದೆ. ನೀವು ಕೊನೆಯ ಕೀ ಒತ್ತಿದ ಮೇಲೆ ಇಷ್ಟು ಹೊತ್ತು ಯಾರೂ ಮುಂದೆ ನುಗ್ಗಬಾರದು ಅಂತ ನಿಯಮ. ಆ ಹೊತ್ತು ಸಾಮಾನ್ಯವಾಗಿ 2,00,000 ಮಿಲಿಸೆಕೆಂಡ್, ಅಂದರೆ 200 ಸೆಕೆಂಡ್. ನುಗ್ಗಲು ನೋಡಿದ ಪ್ರೋಗ್ರಾಂ ಕೆಳಗೆ ಟಾಸ್ಕ್‌ಬಾರ್‌ನಲ್ಲಿ ಮಿನುಗುತ್ತಾ ನಿಲ್ಲಬೇಕು. ಕೆಲವು ಪ್ರೋಗ್ರಾಂಗಳು ಇದನ್ನು ದಾಟುವ ಕಳ್ಳದಾರಿ ಕಲಿತಿವೆ, ಅದು ಬೇರೆ ಮಾತು. ನಿಮ್ಮ ವಿಷಯದಲ್ಲಿ ಈ ಕಾವಲು ಕೆಲಸಕ್ಕೆ ಬರುವುದಿಲ್ಲ. ಬಾಕ್ಸ್ ಹಾಕುತ್ತಿರುವುದು ನೀವು ಟೈಪ್ ಮಾಡುತ್ತಿರುವ ಅದೇ ಪ್ರೋಗ್ರಾಂ. ಮನೆಯವರನ್ನು ಕಾವಲುಗಾರ ತಡೆಯುತ್ತಾನೆಯೇ?

ಲಿನಕ್ಸ್‌ನಲ್ಲಿ ಕೆಡಿಇ ಅನ್ನುವ ಡೆಸ್ಕ್‌ಟಾಪ್ ಬಳಸುವವರಿಗೆ ಒಂದು ಅನುಕೂಲವಿದೆ. ವಿಂಡೋಗಳ ವರ್ತನೆಯ ಸೆಟ್ಟಿಂಗ್‌ನಲ್ಲಿ ‘ಫೋಕಸ್ ಕಳ್ಳತನ’, ಅಂದರೆ ಹೀಗೆ ಕೀಬೋರ್ಡ್ ಕಿತ್ತುಕೊಳ್ಳುವುದನ್ನು, ತಡೆಯುವ ಮಟ್ಟವನ್ನು ತಾವೇ ಏರಿಸಿಕೊಳ್ಳಬಹುದು. ಮ್ಯಾಕ್‌ನಲ್ಲಿ 2023ರ ಸೊನೋಮಾ ಆವೃತ್ತಿಯಿಂದ, ಮುಂದಿರುವ ಪ್ರೋಗ್ರಾಂ ದಾರಿ ಬಿಟ್ಟರೆ ಮಾತ್ರ ಇನ್ನೊಂದು ಮುಂದೆ ಬರುವ ಏರ್ಪಾಡು ಬಂದಿದೆ. ಫೈರ್‌ಫಾಕ್ಸ್ ಬ್ರೌಸರ್‌ನ ಉಪಾಯ ನನಗೆ ತುಂಬಾ ಇಷ್ಟ. ಆಡ್-ಆನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಹಾಕಿಕೊಳ್ಳುವಂಥ ಅಪಾಯದ ಪ್ರಶ್ನೆ ಬಂದಾಗ, ಒಪ್ಪಿಗೆಯ ಬಟನ್ ಮೊದಲ ಒಂದು ಸೆಕೆಂಡ್ ಒತ್ತಲು ಸಿಗುವುದೇ ಇಲ್ಲ. ಏನೋ ಬಂತು ಅಂತ ಗೊತ್ತಾಗಿ ಬೆರಳು ನಿಲ್ಲಲು ಒಂದು ಸೆಕೆಂಡ್ ಸಾಕು. ಪ್ರತಿ ಪ್ರೋಗ್ರಾಂನಲ್ಲೂ ಇಷ್ಟು ಮಾಡಿದ್ದರೆ ನೀವು ಈ ಪತ್ರ ಬರೆಯಬೇಕಾಗಿಯೇ ಇರಲಿಲ್ಲ.

ನೀವು ಮಾಡಬಹುದಾದದ್ದು ಎರಡು. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ‘ಸ್ನ್ಯಾಪ್ ಟು’ ಅಂತ ಒಂದು ಆಯ್ಕೆ ಇದೆ. ಅದನ್ನು ಯಾರಾದರೂ ಆನ್ ಮಾಡಿದ್ದರೆ ಬಾಕ್ಸ್ ಬಂದ ಕೂಡಲೇ ಮೌಸ್ ಬಾಣ ತಾನಾಗಿ ಮುಖ್ಯ ಬಟನ್ ಮೇಲೆ ಹಾರಿ ಕೂರುತ್ತದೆ. ಕೈಗೆ ತೊಂದರೆ ಇರುವವರಿಗೆ ಅದು ವರ. ನಿಮಗೆ ಬೇಡ, ಆಫ್ ಮಾಡಿಸಿ. ಎರಡನೆಯದು, ಎಂಟ್ರಿ ಮಾಡುತ್ತಾ ಬಾಕ್ಸ್ ಒಂದು ಮಿಂಚಿ ಹೋಯಿತು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಆಗಷ್ಟೇ ಮಾಡಿದ ಎಂಟ್ರಿ ಸರಿಯಾಗಿದೆಯಾ ಅಂತ ನೋಡಿ, ಆದದ್ದನ್ನು ರದ್ದು ಮಾಡಬೇಕಾದರೆ ಕಂಟ್ರೋಲ್ ಹಿಡಿದು ಝಡ್ ಒತ್ತಿ. ಹತ್ತು ಎಂಟ್ರಿ ಆದ ಮೇಲೆ ಹುಡುಕುವುದು ತಲೆನೋವು.

ಮಾನಿಟರ್ ವಿಷಯ ಇಷ್ಟೊಂದು ಕಷ್ಟದ್ದಲ್ಲ. ಬಾಕ್ಸ್ ಕೊನೆಯ ಸಲ ಎಲ್ಲಿತ್ತು ಅಂತ ನಿಮ್ಮ ಪ್ರೋಗ್ರಾಂ ನೆನಪಿಟ್ಟುಕೊಂಡಿದೆ. ಆ ಜಾಗ ಈಗ ಇದೆಯಾ ಅಂತ ನೋಡದೆ ಅಲ್ಲೇ ತೆರೆಯುತ್ತಿದೆ. ಕೆಡವಿದ ಮನೆಯ ವಿಳಾಸಕ್ಕೆ ಪತ್ರ ಹಾಕಿದ ಹಾಗೆ. ಪ್ರಿಂಟ್ ಕೊಟ್ಟ ಮೇಲೆ ಬಾಕ್ಸ್ ಕಾಣದಿದ್ದರೂ ಕೀಬೋರ್ಡ್ ಅದರ ಬಳಿಯೇ ಇರುತ್ತದೆ. ಆಲ್ಟ್ ಹಿಡಿದು ಸ್ಪೇಸ್ ಒತ್ತಿ, ಆಮೇಲೆ ‘ಎಂ’ ಅಕ್ಷರ ಒತ್ತಿ, ಆಮೇಲೆ ಯಾವುದಾದರೂ ಒಂದು ಬಾಣದ ಕೀಯನ್ನು ಒಂದು ಸಲ ಒತ್ತಿ. ಈಗ ಮೌಸ್ ಆಡಿಸಿದರೆ ಬಾಕ್ಸ್ ಬಾಣಕ್ಕೆ ಅಂಟಿಕೊಂಡು ಬರುತ್ತದೆ. ಬೇಕಾದ ಕಡೆ ಕ್ಲಿಕ್ ಮಾಡಿ ಬಿಡಿ. ವಿಂಡೋಸ್ ಕೀ ಮತ್ತು ಪಿ ಒತ್ತಿ ‘ಪಿಸಿ ಸ್ಕ್ರೀನ್ ಓನ್ಲಿ’ ಆರಿಸಿದರೂ ಎಷ್ಟೋ ಸಲ ತಪ್ಪಿಸಿಕೊಂಡವೆಲ್ಲ ವಾಪಸ್ ಬರುತ್ತವೆ. ಎರಡನೇ ಮಾನಿಟರ್ ಮತ್ತೆ ಜೋಡಿಸಿದಾಗ ಬಾಕ್ಸ್ ಅಲ್ಲೇ ಉಳಿದರೆ, ವಿಂಡೋಸ್ ಮತ್ತು ಶಿಫ್ಟ್ ಹಿಡಿದು ಎಡ ಅಥವಾ ಬಲ ಬಾಣ ಒತ್ತಿದರೆ ಈ ಕಡೆಗೆ ಜಿಗಿಯುತ್ತದೆ.

ಬಾಕ್ಸ್ ಪರದೆಗಿಂತ ಉದ್ದವಾಗಿ ಕೆಳಗಿನ ಬಟನ್ ಕಾಣದೆ ಹೋಗುವುದೂ ಉಂಟು. ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡವರಿಗೆ ಇದು ಗೊತ್ತಿರುತ್ತದೆ. ವಿಂಡೋಸ್‌ನ ಹಳೆಯ ಪದ್ಧತಿಯಲ್ಲಿ ಬಾಕ್ಸ್‌ನ ಅಳತೆ ಅದರೊಳಗಿನ ಅಕ್ಷರದ ಅಳತೆಗೆ ಕಟ್ಟಿರುತ್ತದೆ, ಅಕ್ಷರ ಬೆಳೆದರೆ ಬಾಕ್ಸೂ ಬೆಳೆಯುತ್ತದೆ. ಅಂಚು ಹಿಡಿದು ಕುಗ್ಗಿಸೋಣ ಅಂದರೆ ಅದಕ್ಕೂ ಬಿಡುವುದಿಲ್ಲ. ಮೇಲೆ ಹೇಳಿದ ಆಲ್ಟ್-ಸ್ಪೇಸ್ ಉಪಾಯದಿಂದ ಬಾಕ್ಸ್ ಅನ್ನು ಮೇಲಕ್ಕೆ ತಳ್ಳಿ ನೋಡಿ.

ಇನ್ನು ಬಟನ್ ಮೇಲಿನ ಮಾತು. ನೀವು ಉದಾಹರಣೆ ಕೊಟ್ಟಿಲ್ಲ, ಆದರೆ ನಾನು ಊಹಿಸಬಲ್ಲೆ. ‘ಕ್ಯಾನ್ಸಲ್ ಮಾಡಬೇಕೇ?’ ಅಂತ ಪ್ರಶ್ನೆ, ಕೆಳಗೆ ಎರಡು ಬಟನ್: ಓಕೆ, ಕ್ಯಾನ್ಸಲ್. ಕ್ಯಾನ್ಸಲ್ ಒತ್ತಿದರೆ ಕ್ಯಾನ್ಸಲ್ ಆಗುವುದಿಲ್ಲ. ಓಕೆ ಒತ್ತಿದರೆ ಕ್ಯಾನ್ಸಲ್ ಆಗುತ್ತದೆ. ನಗು ಬರುವ ವಿಷಯವೇ, ಅರ್ಧ ಗಂಟೆಯ ಕೆಲಸ ಹೋಗದಿದ್ದರೆ.

ಈ ‘ಓಕೆ’ಗೂ ಒಂದು ಕಥೆ ಇದೆ. 1983ರಲ್ಲಿ ಬಂದ ಆಪಲ್ ಲೀಸಾ ಕಂಪ್ಯೂಟರ್ ತಯಾರಾಗುವಾಗ ಬಟನ್ ಮೇಲೆ ‘ಡು ಇಟ್’ ಅಂತ ಬರೆದಿದ್ದರು, ಮಾಡು ಅನ್ನುವ ಅರ್ಥದಲ್ಲಿ. ಪರೀಕ್ಷೆಗೆ ಕೂತವರೊಬ್ಬರಿಗೆ ಅದನ್ನು ನೋಡಿ ಸಿಟ್ಟು ಬಂತು. ಆ ಅಕ್ಷರಶೈಲಿಯಲ್ಲಿ ದೊಡ್ಡ ‘ಐ’ ಸಣ್ಣ ‘ಎಲ್’ ಥರವೇ ಕಾಣುತ್ತಿತ್ತು, ನಡುವಿನ ಜಾಗವೂ ಸಾಲದು. ಅವರು ಅದನ್ನು ‘ಡೋಲ್ಟ್’ ಅಂತ ಓದಿಕೊಂಡಿದ್ದರು, ಅಂದರೆ ಪೆದ್ದ! ಕಂಪ್ಯೂಟರ್ ನನ್ನನ್ನು ಯಾಕೆ ಪೆದ್ದ ಅನ್ನುತ್ತಿದೆ ಅಂತ ಕೇಳಿದರಂತೆ. ಆಮೇಲೆ ‘ಓಕೆ’ ಬಂತು. ಅದು ಯಾರನ್ನೂ ಬೈಯುವುದಿಲ್ಲ ನಿಜ, ಆದರೆ ಏನನ್ನೂ ಹೇಳುವುದೂ ಇಲ್ಲ. ‘ಸೇವ್ ಮಾಡು’, ‘ಸೇವ್ ಬೇಡ’ ಅಂತ ಕೆಲಸದ ಹೆಸರನ್ನೇ ಬಟನ್ ಮೇಲೆ ಬರೆದರೆ ಪ್ರಶ್ನೆ ಓದದಿದ್ದವರೂ ಸರಿಯಾದದ್ದನ್ನೇ ಒತ್ತುತ್ತಾರೆ.

ಬಟನ್‌ಗಳ ಜಾಗವೂ ಒಂದೇ ಅಲ್ಲ. ವಿಂಡೋಸ್‌ನಲ್ಲಿ ಓಕೆ ಎಡಕ್ಕೆ, ಮ್ಯಾಕ್‌ನಲ್ಲಿ ಬಲಕ್ಕೆ. ಎರಡನ್ನೂ ಬಳಸುವವರ ಪಾಡು ಕೇಳಬೇಡಿ. ವಿಂಡೋಸ್‌ನ ಯೆಸ್-ನೋ ಬಾಕ್ಸ್‌ನಲ್ಲಿ ಮೂಲೆಯ ಇಂಟು ಗುರುತು ಮಸುಕಾಗಿರುವುದನ್ನು ನೋಡಿರಬಹುದು. ಎಸ್ಕೇಪ್ ಕೂಡ ಅಲ್ಲಿ ಕೆಲಸ ಮಾಡುವುದಿಲ್ಲ. ಕೆಟ್ಟಿದೆ ಅಂದುಕೊಳ್ಳಬೇಡಿ. ‘ಕ್ಯಾನ್ಸಲ್’ ಬಟನ್ ಕೊಡದಿದ್ದರೆ ಅದು ಹಾಗೇ. ಪ್ರಶ್ನೆ ಅರ್ಥವಾಗದವರಿಗೆ ಹಿಂದೆ ಸರಿಯುವ ದಾರಿಯನ್ನೇ ಇಟ್ಟಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಕಡತಗಳನ್ನು ಕಾಪಿ ಮಾಡುವಾಗ ‘ಯೆಸ್ ಟು ಆಲ್’ ಇತ್ತು, ‘ನೋ ಟು ಆಲ್’ ಇರಲಿಲ್ಲ. ನೂರು ಸಲ ನೋ ಒತ್ತಿದವರನ್ನು ನಾನು ಕಂಡಿದ್ದೇನೆ. ಶಿಫ್ಟ್ ಹಿಡಿದು ನೋ ಒತ್ತಿದ್ದರೆ ಎಲ್ಲಕ್ಕೂ ಒಂದೇ ಸಲಕ್ಕೆ ನೋ ಆಗುತ್ತಿತ್ತು. ಆದರೆ ಬಾಕ್ಸ್ ಮೇಲೆ ಅದನ್ನು ಬರೆದಿರಲಿಲ್ಲ.

ಇಷ್ಟಕ್ಕೂ ಇಷ್ಟೊಂದು ಪ್ರಶ್ನೆ ಯಾಕೆ ಕೇಳಬೇಕು? ದಿನಕ್ಕೆ ಐವತ್ತು ಸಲ ‘ಖಂಡಿತವಾಗಿಯೂ?’ ಅಂತ ಕೇಳಿದರೆ ಐವತ್ತೊಂದನೇ ಸಲ ಯಾರೂ ಓದುವುದಿಲ್ಲ. ಕೈ ತಾನಾಗಿ ಯೆಸ್ ಒತ್ತುತ್ತದೆ. ಆಗ ಆ ಬಾಕ್ಸ್ ಯಾರನ್ನೂ ಕಾಪಾಡುವುದಿಲ್ಲ. ‘ನಾವು ಕೇಳಿದ್ದೆವಲ್ಲ’ ಅಂತ ಪ್ರೋಗ್ರಾಂ ಬರೆದವರು ಕೈ ತೊಳೆದುಕೊಳ್ಳಲು ಮಾತ್ರ ನೆರವಾಗುತ್ತದೆ. ಕೇಳದೆ ಮಾಡಿ, ವಾಪಸ್ ತರುವ ದಾರಿ ಕೊಟ್ಟರೆ ಅದೇ ಒಳ್ಳೆಯದು. ವಿಂಡೋಸ್ 8ರಿಂದ ಕಡತ ಡಿಲೀಟ್ ಮಾಡಿದರೆ ಸಾಮಾನ್ಯವಾಗಿ ಪ್ರಶ್ನೆಯೇ ಇಲ್ಲ, ಸುಮ್ನೆ ರೀಸೈಕಲ್ ಬಿನ್‌ಗೆ ಹೋಗುತ್ತದೆ. ಬೇಕೆಂದರೆ ತೆಗೆದುಕೊಂಡರಾಯಿತು. ಮ್ಯಾಕ್‌ನಲ್ಲಿ 2011ರಿಂದ ಎಷ್ಟೋ ಪ್ರೋಗ್ರಾಂಗಳು ಕೇಳದೆಯೇ ಸೇವ್ ಮಾಡುತ್ತಾ, ಹಳೆಯ ರೂಪಗಳನ್ನೂ ಉಳಿಸಿಕೊಳ್ಳುತ್ತವೆ.

ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಮಾಡಿದವರಿಗೆ ದೂರು ಬರೆಯಿರಿ. ಬೇಗ ಫಲ ಸಿಗುತ್ತದೆ ಅಂತ ಮಾತು ಕೊಡಲಾರೆ. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಕಡತ ಆರಿಸುವ ಬಾಕ್ಸ್‌ನಲ್ಲಿ ಚಿತ್ರಗಳನ್ನು ಪುಟ್ಟದಾಗಿ ಸಾಲಾಗಿ ತೋರಿಸಿ ಅಂತ 2004ರಲ್ಲಿ ಕೊಟ್ಟ ಮನವಿ 2023ರಲ್ಲಿ ಈಡೇರಿತು! ಆದರೆ ‘ಹ್ಯಾಂಗ್ ಆಗುತ್ತದೆ’ ಅಂತ ಬರೆದರೆ ನನ್ನಂಥವರು ಮೆಮೊರಿ ಹಾಕಿಸಿ ಅನ್ನುತ್ತಾರೆ. ‘ರಿಪೋರ್ಟ್ ಬಟನ್ ಒತ್ತಿ ಬೇರೆ ಪ್ರೋಗ್ರಾಂಗೆ ಹೋದಾಗ ನಿಮ್ಮ ಬಾಕ್ಸ್ ಹಿಂದೆ ತೆರೆಯುತ್ತದೆ, ಅದಕ್ಕೆ ಒಡೆಯ ವಿಂಡೋ ಕೊಟ್ಟಿಲ್ಲ’ ಅಂತ ಬರೆಯಿರಿ. ಅಳಿಸುವ ಪ್ರಶ್ನೆಗೆ ಯಾವ ಬಟನ್ ಮುಖ್ಯವಾಗಿದೆ ಅಂತ ಬರೆಯಿರಿ. ಮಾನಿಟರ್ ಎಷ್ಟು, ಅಕ್ಷರದ ಗಾತ್ರ ಎಷ್ಟು ಶೇಕಡಾಕ್ಕೆ ಇಟ್ಟಿದ್ದೀರಿ ಅನ್ನುವುದೂ ಇರಲಿ. ಬಾಕ್ಸ್‌ನಲ್ಲಿದ್ದ ಮಾತನ್ನು ಕೈಯಿಂದ ಬರೆದುಕೊಳ್ಳಬೇಕಾಗಿಲ್ಲ. ವಿಂಡೋಸ್‌ನ ಮಾಮೂಲಿ ಸಂದೇಶದ ಬಾಕ್ಸ್ ಮುಂದಿರುವಾಗ ಕಂಟ್ರೋಲ್ ಹಿಡಿದು ‘ಸಿ’ ಒತ್ತಿ. ಶೀರ್ಷಿಕೆ, ಸಂದೇಶ, ಬಟನ್‌ಗಳ ಹೆಸರು ಎಲ್ಲವೂ ಕಾಪಿ ಆಗುತ್ತದೆ, ಪತ್ರದಲ್ಲಿ ಪೇಸ್ಟ್ ಮಾಡಿದರಾಯಿತು.